ತಂತಿ ತಂಪಾಗಿಡಿ

ಆ ವರ್ಷದ ಮೇ ಮೂರನೆಯ ತಾರೀಖು, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ಕಲಬುರಗಿಯ ಗಾಳಿಬಾವಿ ಕಾಲೊನಿಯ ಆರನೇ ಗಲ್ಲಿಯಲ್ಲಿ ಕಾಶೀಬಾಯಿಯವರ ಮಿಕ್ಸರ್ ನಿಂತುಹೋಯಿತು. ವಿದ್ಯುತ್ತಿನ ಚರಿತ್ರೆ ಬರೆಯುವ ವಿದ್ವಾಂಸರು ಅಣೆಕಟ್ಟು, ಗ್ರಿಡ್ಡು ಇತ್ಯಾದಿಗಳನ್ನು ಹಿಂದಕ್ಕೆ ಸರಿಸಿ ಮೊದಲ ಅಧ್ಯಾಯವನ್ನು ಈ ಮಿಕ್ಸರಿಗೆ ಮೀಸಲಿಡುವುದು ಒಳ್ಳೆಯದು. ಆಗ ಅದರೊಳಗೆ ಇದ್ದದ್ದು ಅರ್ಧ ನುರಿದ ಒಣಕೊಬ್ಬರಿ. ಮಗಳು ಶಾಂಭವಿ ಹೆರಿಗೆಗೆ ಬಂದಿದ್ದಳು. ಕೂಸು ಹುಟ್ಟುವ ಮೊದಲೇ ಬಾಣಂತಿಗೆ ತಿನ್ನಿಸುವ ಅಂಟಿನ ಉಂಡಿ ಕಟ್ಟಿ ಡಬ್ಬಿ ತುಂಬಬೇಕಿತ್ತು. ಕೂಸುಗಳು ಕರೆಂಟಿಗಾಗಿ ಕಾಯುವುದಿಲ್ಲ.

“ಅತ್ತಿ ಸಿಟ್ಟಾದ್ಲು ನೋಡ್ರಿ!” ಎಂದು ಪಕ್ಕದ ಮನೆಯ ಖಮರುನ್ನೀಸಾ ಗೋಡೆಯಾಚೆಯಿಂದ ಕೂಗಿದರು.

“ನಾ ಎಲ್ಲಿ ಸಿಟ್ಟಾಗೀನಿ? ಇನ್ನಾ ಬಾಯೇ ತೆಗದಿಲ್ಲ.”

“ನೀವಲ್ರೀ ಕಾಶಕ್ಕ. ಗ್ವಾಡಿ ಮ್ಯಾಲಿನ ಅತ್ತಿ.”

ಗೋಡೆಯ ಮೇಲಿನ ಅತ್ತೆಗೆ ಸರಕಾರ ಇಟ್ಟ ಹೆಸರು ‘ತಂತಿಮಿತ್ರ’. ಜಗಲಿಯ ಗ್ರಿಲ್ಲಿನೊಳಗೆ, ಮೀಟರಿನ ಪಕ್ಕ, ಊಟದ ಡಬ್ಬಿಯಷ್ಟು ದೊಡ್ಡದಾದ ಬಿಳಿಯ ಪೆಟ್ಟಿಗೆ. ಎ.ಸಿ. ನಡೆಯುವಾಗ ಇಸ್ತ್ರಿ ಬೇಡ, ಇಸ್ತ್ರಿ ಇದ್ದರೆ ಮಿಕ್ಸರ್ ಬೇಡ ಎಂದು ದಿನವಿಡೀ ಅಡ್ಡಬಾಯಿ ಹಾಕುವ ಇದಕ್ಕೆ ಜನ ಎರಡನೆಯ ವಾರದಲ್ಲೇ ಸರಿಯಾದ ಹೆಸರಿಟ್ಟರು. ಕರೆಂಟು ಕಡಿತವಾದರೆ ‘ಅತ್ತಿ ಸಿಟ್ಟಾದ್ಲು’. ಪೆಟ್ಟಿಗೆಯನ್ನು ಬದಿಗಿಟ್ಟು ನೇರವಾಗಿ ತಂತಿ ಜೋಡಿಸಿಕೊಂಡರೆ ‘ಅತ್ತಿನ ತವರಿಗಿ ಕಳಿಸಿದ್ರು’. ಇದು ಕಾನೂನಿಗೆ ವಿರುದ್ಧವಾದ್ದರಿಂದ ಅದಕ್ಕೆ ಪರಿಣತರು ಬೇಕಾಗುತ್ತಿದ್ದರು; ಗಾಳಿಬಾವಿ ಕಾಲೊನಿಗೆ ಅಂಥ ಪರಿಣತ ಖಾಸಗಿ ವೈರ್‌ಮನ್ ಅಂಬಾರಾಯ.

ಪೆಟ್ಟಿಗೆಯ ಹಿಂದಿನ ಲೆಕ್ಕ ಸರಳವಾದದ್ದು. ಮನೆಯ ತಂತಿಯ ಮೇಲಿನ ಪ್ಲಾಸ್ಟಿಕ್ ಕವಚ ಎಪ್ಪತ್ತು ಡಿಗ್ರಿಯವರೆಗೆ ಮರ್ಯಾದೆಯಿಂದ ಇರುತ್ತದೆ, ಆಮೇಲೆ ಮೆತ್ತಗಾಗುತ್ತದೆ. ಕರೆಂಟು ಹರಿದರೆ ತಂತಿ ತಾನಾಗಿಯೇ ಬಿಸಿಯಾಗುತ್ತದೆ. ಸುತ್ತಲಿನ ಗಾಳಿ ನಲವತ್ತು ಇದ್ದರೆ ಕರೆಂಟಿನ ಪಾಲಿಗೆ ಮೂವತ್ತು ಡಿಗ್ರಿ ಉಳಿಯಿತು. ಆಗ ಇಪ್ಪತ್ತೆಂಟು ಆಂಪಿಯರ್ ಧಾರಾಳವಾಗಿ ಎಳೆಯಬಹುದು. ಸುತ್ತಲೂ ಅರವತ್ತೆರಡು ಇದ್ದರೆ ಉಳಿಯುವುದು ಎಂಟೇ ಡಿಗ್ರಿ. ಹದಿನಾಲ್ಕು ಆಂಪಿಯರಿಗೇ ಕೈ ಮುಗಿದು ನಿಲ್ಲಿಸಬೇಕು. ಬಿಸಿಲು ಮೊದಲ ಪಂಕ್ತಿಯಲ್ಲಿ ಕೂತು ಉಣ್ಣುತ್ತದೆ, ಮಿಕ್ಕಿದ್ದು ನಮಗೆ. ಅಜ್ಜನ ಕಾಲದಲ್ಲೂ ಈ ನಿಯಮ ಇತ್ತು. ಅಜ್ಜನ ಬಳಿ ಮೂರು ಎ.ಸಿ. ಇರಲಿಲ್ಲ, ಅಷ್ಟೆ. ಊರಿನ ಉಷ್ಣಾಂಶ ನಲವತ್ತೊಂಬತ್ತನ್ನು ಮುಟ್ಟತೊಡಗಿದ ಮೇಲೆ, ಎರಡು ಬೇಸಗೆಯಲ್ಲಿ ನಾಲ್ಕುನೂರು ಮನೆಗಳ ಚಾವಣಿ ಹೊತ್ತಿದ ಮೇಲೆ, ಪ್ರತಿ ಮನೆಯ ತಂತಿಯ ಬಿಸಿ ಅಳೆದು ಆ ಕ್ಷಣಕ್ಕೆ ಎಷ್ಟು ಕರೆಂಟು ಸುರಕ್ಷಿತವೋ ಅಷ್ಟನ್ನೇ ಬಿಡುವ ಪೆಟ್ಟಿಗೆ ಬಂತು.

ತಂತಿ ನಿಜವಾಗಿ ಬೇಯುವುದು ಮಾಳಿಗೆಯ ಸ್ಲ್ಯಾಬಿಗೂ ಕೆಳಗಿನ ಪಿಒಪಿ ಚಾವಣಿಗೂ ನಡುವಿನ ಸಂದಿನಲ್ಲಿ. ಆದರೆ ಮನೆಮನೆಯ ಚಾವಣಿ ಕೊರೆದು ಬಿಸಿ ಅಳೆಯುವ ಕಣ್ಣು ಕೂರಿಸುವುದು ಆಗುವ ಮಾತಲ್ಲ ಎಂದು ಇಲಾಖೆಯ ಸಮಿತಿ ಹೇಳಿತು. ಕಣ್ಣನ್ನು ಪೆಟ್ಟಿಗೆಯೊಳಗೇ ಇಟ್ಟು, ಅಲ್ಲಿ ಕಂಡ ಅಂಕಿಗೆ ಹನ್ನೆರಡು ಕೂಡಿಸಿದರೆ ಚಾವಣಿಯ ಬಿಸಿ ಸಿಗುತ್ತದೆ ಎಂದು ನೂರು ಮನೆ ಅಳೆದು ತೋರಿಸಿದ್ದು ಸಹಾಯಕ ಎಂಜಿನಿಯರ್ ಜಗದೇವಿ. ಪ್ರಚಾರಕ್ಕೆ ಘೋಷವಾಕ್ಯ ಕೊಟ್ಟದ್ದೂ ಅವಳೇ. ‘ಹೊರೆ ಇಳಿಸಿ, ಜೀವ ಉಳಿಸಿ’ ಎಂಬುದು ಲಾರಿಗಳಿಗೆ ಸಂಬಂಧಿಸಿದ್ದೆಂದು ಬಿದ್ದುಹೋಗಿ, ಎರಡು ದಿನದ ಚರ್ಚೆಯ ಬಳಿಕ ಅವಳ ‘ತಂತಿ ತಂಪಾಗಿಡಿ’ ಅಂಗೀಕಾರವಾಯಿತು. ಒಟ್ಟಿಗೆ ಹೆಚ್ಚು ಯಂತ್ರ ಹಚ್ಚಬೇಡಿ ಎಂಬುದು ಅದರ ಅರ್ಥ. ಅರ್ಥವನ್ನು ಪೋಸ್ಟರಿನಲ್ಲಿ ಅಚ್ಚು ಹಾಕಿರಲಿಲ್ಲ.

ಜಗದೇವಿ ಕಾಶೀಬಾಯಿಯವರ ಸೊಸೆ. ಗಂಡ ಯಾದಗಿರಿಯಲ್ಲಿ ಪರೀಕ್ಷೆಯ ಕೆಲಸದ ಮೇಲಿದ್ದ. ಹೀಗಾಗಿ ಮನೆಯಲ್ಲಿ ಅತ್ತೆ, ಸೊಸೆ, ಬಾಣಂತಿ, ಮತ್ತು ಮೇ ಒಂಬತ್ತಕ್ಕೆ ಹುಟ್ಟಿದ ಒಂದು ಹೆಣ್ಣು ಕೂಸು. ಬಾಣಂತಿಯ ಕೋಣೆಗೆ ಗಾಳಿ ತಾಗಬಾರದು, ಕೆಂಡದ ಬಿಸಿ ಬೇಕು ಎಂಬ ಶಾಸ್ತ್ರದಲ್ಲಿ ನಲವತ್ತು ವರ್ಷ ನುರಿತಿದ್ದ ಕಾಶೀಬಾಯಿ, ಹೊರಗೇ ಕೆಂಡ ಸುರಿಯುತ್ತಿರುವುದನ್ನು ನೋಡಿ ಶಾಸ್ತ್ರಕ್ಕೆ ತಿದ್ದುಪಡಿ ತಂದು ಆ ಕೋಣೆಗೆ ಎ.ಸಿ. ಹಾಕಿಸಿದ್ದರು. ಹೊಸ್ತಿಲ ವಿಷಯದಲ್ಲಿ ಮಾತ್ರ ತಿದ್ದುಪಡಿ ಇರಲಿಲ್ಲ. ಹದಿಮೂರು ದಿನ ತುಂಬುವ ತನಕ ಬಾಣಂತಿ ಹೊಸ್ತಿಲು ದಾಟುವಂತಿಲ್ಲ.

ಮೇ ಹದಿನೆಂಟರಂದು, ಕೂಸಿಗೆ ಒಂಬತ್ತು ದಿನ ತುಂಬಿದಾಗ, ಜಗದೇವಿ ಕಂಟ್ರೋಲ್ ರೂಮಿನ ದೊಡ್ಡ ಪರದೆಯ ಮುಂದೆ ಕೂತಲ್ಲಿ ಕೂರಲಾರದೆ ಓಡಾಡುತ್ತಿದ್ದಳು. ಊರಿನ ನಕ್ಷೆಯಲ್ಲಿ ಬಡಾವಣೆಗಳೆಲ್ಲ ಕೆಂಪಗಿದ್ದವು: ಅರವತ್ತೊಂದು, ಅರವತ್ತೆರಡು, ಅರವತ್ತಮೂರು. ನಡುವೆ ಒಂದೇ ಒಂದು ಹಸಿರು ಚುಕ್ಕೆ, ಗಾಳಿಬಾವಿ ಕಾಲೊನಿ. ಗಾಳಿಯೂ ಇಲ್ಲದ, ಬಾವಿಯೂ ಇಲ್ಲದ ಆ ಕಾಲೊನಿಯ ಎರಡು ಸಾವಿರದ ನೂರ ನಲವತ್ತು ಮನೆಗಳಲ್ಲಿ ತಂತಿಯ ಸುತ್ತಲಿನ ಬಿಸಿ ನಲವತ್ತಮೂರು. ಒಂದು ವಾರದಿಂದ ಹೀಗೇ.

ಮೇಲಧಿಕಾರಿ ಜಹಗೀರದಾರ ಸಾಹೇಬರಿಗೆ ಆ ಹಸಿರಿನಿಂದ ಕಣ್ಣು ಕೀಳಲು ಆಗುತ್ತಿರಲಿಲ್ಲ. “ಮಾದರಿ ಕಾಲೊನಿ ಅಂತ ಬೆಂಗಳೂರಿಗೆ ಕಳಿಸೀನಿ ಮೇಡಂ. ಇವತ್ತ ನಾಕು ಗಂಟೆಕ್ಕ ತಂಡ ಬರ್ತದ. ನಿಮ್ಮ ಅತ್ತಿಯವರದೂ ಅಲ್ಲೇ ಅಲ್ಲೇನ್ರಿ ಮನಿ? ಸಾಲಾಗಿ ನಿಲ್ಲಿಸಿ ಫೋಟೊ ತಗಸೂಣು.”

“ಸರ್, ಹೊರಗ ಗಾಳೀನೇ ನಲವತ್ತೊಂಬತ್ತದ. ಪೆಟ್ಟಿಗಿ ಒಳಗ ಮೂವತ್ತೊಂದು ಹ್ಯಾಂಗ ಬರ್ತದ್ರಿ?”

“ಜನ ಸಹಕಾರ ಕೊಟ್ಟಾರ.”

“ಗಾಳಿ ಸಹಕಾರ ಕೊಡಂಗಿಲ್ರಲ್ಲ ಸರ್.”

ಜಹಗೀರದಾರರು ನೀರು ಕುಡಿಯಲು ಎದ್ದರು. ಮೂಲೆಯಲ್ಲಿ ಒದ್ದೆ ಅರಿವೆ ಸುತ್ತಿದ ಮಣ್ಣಿನ ಹರವಿ ಇತ್ತು. ಕಂಟ್ರೋಲ್ ರೂಮಿನ ಎ.ಸಿ.ಯೂ ತಂತಿಮಿತ್ರನ ಆಜ್ಞೆಯಂತೆ ಬಂದಾಗಿದ್ದರಿಂದ ಎಲ್ಲರ ಭಕ್ತಿ ಅದರ ಮೇಲೆಯೇ. ಸಾಹೇಬರು ಲೋಟ ತುಂಬಿಕೊಂಡು “ಆಹಾ, ಮಂಜಿನಂಗದ” ಎಂದರು. ಬಿಸಿ ಗಾಳಿಯ ನಡುವೆ ಅದಕ್ಕಿಂತ ತಣ್ಣಗೆ ಇರುವ ವಸ್ತು ಆ ಕೋಣೆಯಲ್ಲಿ ಅದೊಂದೇ. ಜಗದೇವಿ ಹರವಿಯನ್ನು ನೋಡಿದಳು. ಆಮೇಲೆ ಫೋನ್ ತೆಗೆದಳು.

“ಅತ್ತ್ಯಾರ, ನಮ್ಮ ಗ್ವಾಡಿ ಮ್ಯಾಲಿನ ಡಬ್ಬಿಗಿ ಏನರ ಸುತ್ತೀರೇನು?”

“ಸುತ್ತೀನವ್ವ. ಒದ್ದಿ ಗೋಣಿಚೀಲ.” ಕಾಶೀಬಾಯಿಯವರ ದನಿಯಲ್ಲಿ ಹೆಮ್ಮೆ ಇತ್ತು. “ತಾಸಿಗೊಮ್ಮಿ ನೀರ ಚಿಮುಕಸ್ತೀನಿ. ಒಳಗ ನೀರ ಹೋಗದಂಗ ಪ್ಲಾಸ್ಟಿಕ್ ಹಾಳಿ ಹಚ್ಚೀನಿ, ನಾ ಏನ್ ದಡ್ಡಿ ಅಲ್ಲ. ನೀನೇ ಬರ್ದೀಯಲ್ಲ, ತಂತಿ ತಂಪಾಗಿಡಿ ಅಂತ? ಕಾಲೊನಿಗೆಲ್ಲಾ ಹೇಳೀನಿ, ನಮ್ಮ ಸೊಸಿ ಬರ್ದಾಳ, ಸುಳ್ಳ ಬರಿಯಂಗಿಲ್ಲ ಅಂತ. ಚೀಲ ಕಟ್ಟಿದ ದಿವ್ಸದಿಂದ ಅತ್ತಿ ಒಮ್ಮೆರ ಸಿಟ್ಟಾಗಿಲ್ಲ ನೋಡು. ಎರಡ್ ಎ.ಸಿ., ಫ್ರಿಜ್ಜು, ಮಿಕ್ಸಿ ಎಲ್ಲಾ ಕೂಡೇ ನಡೀತಾವ.”

ಜಗದೇವಿಯ ತಲೆಯಲ್ಲಿ ಲೆಕ್ಕ ತಾನೇ ನಡೆಯಿತು. ಪೆಟ್ಟಿಗೆಗೆ ಕಂಡದ್ದು ಮೂವತ್ತೊಂದು. ಹನ್ನೆರಡು ಕೂಡಿಸಿ ಅದು ಚಾವಣಿಯಲ್ಲಿ ನಲವತ್ತಮೂರು ಎಂದು ನಂಬಿ ಇಪ್ಪತ್ತಾರು ಆಂಪಿಯರ್ ಬಿಟ್ಟಿದೆ. ಚಾವಣಿಯಲ್ಲಿ ನಿಜವಾಗಿ ಇರುವುದು ಅರವತ್ತೆರಡು. ಅದರ ಮೇಲೆ ಇಪ್ಪತ್ತಾರು ಆಂಪಿಯರಿನ ಬಿಸಿ. ಎಂಬತ್ತೆಂಟು ಡಿಗ್ರಿಯಲ್ಲಿ ವಾರವಿಡೀ ಬೆಂದ ತಂತಿ. ಅದರ ಕೆಳಗೆ ತೊಟ್ಟಿಲು.

“ಅತ್ತ್ಯಾರ, ಕೂಸಿಗಿ ಜ್ವರ ಬಂದಾಗ ಥರ್ಮಾಮೀಟರ್ ತಣ್ಣೀರಾಗ ಅದ್ದಿ, ಜ್ವರ ಇಲ್ಲ ಅಂತೀರೇನ್ರಿ? ತಂಪಾಗಿದ್ದು ತಂತಿ ಅಲ್ಲ, ತಂತಿ ನೋಡೋ ಕಣ್ಣು. ತಂತಿ ಮ್ಯಾಲ ಬೇಯ್ಲಾಕತ್ಯಾದ. ಎ.ಸಿ. ಬಂದ್ ಮಾಡ್ರಿ. ಈಗೇ.”

“ಎ.ಸಿ. ಬಂದ್ ಮಾಡಿ ಈ ಕೂಸಿಗಿ ಏನ್ ಮಾಡ್ಲಿ? ನಿನ್ನಿ ಎರಡನೇ ಗಲ್ಲ್ಯಾಗ ಗಟ್ಟಿಮುಟ್ಟ ಮನಷ್ಯಾನೇ ಸೆಕಿಗಿ ಹೋಗ್ಯಾನ. ಇದು ಒಂಬತ್ ದಿನದ ಜೀವ. ನಿನ್ನ ತಂತಿ ನಾಳಿ ಸುಡ್ತದೋ, ನಾಡ್ದು ಸುಡ್ತದೋ. ಸೆಕಿ ಈಗೇ ಸುಡ್ತದ. ಅವಾಗ ತಂಪಿಡು ಅಂದಿ, ಈಗ ಬಂದ್ ಮಾಡು ಅಂತಿ. ಮೊದ್ಲ ಒಂದ್ ಮಾತ ಖಚೀತ ಮಾಡ್ಕೋ.” ಫೋನು ಕಡಿದುಹೋಯಿತು.

ಜಗದೇವಿ ಸಾಹೇಬರಿಗೆ ವಿಷಯ ಹೇಳಿದಳು. ಅವರು ಹಸಿರು ಚುಕ್ಕೆಯನ್ನೊಮ್ಮೆ ಗಡಿಯಾರವನ್ನೊಮ್ಮೆ ನೋಡಿದರು. “ನಾಕೂವರಿ ತನಕ ತಡೀರಲ್ಲ ಮೇಡಂ. ವಾರ ತಡದಾದ, ಇನ್ನ ಮೂರ್ ತಾಸು ತಡಿಯಂಗಿಲ್ಲೇನು? ಮತ್ತ ಸೂತ್ರ ಯಾರ್ದು? ನಿಮ್ದೇ. ಹನ್ನೆರಡು ಕೂಡಸ್ರಿ ಅಂದವ್ರು ಯಾರು?”

“ನಾನೇ ಸರ್.”

“ಘೋಷವಾಕ್ಯ?”

“ಅದೂ ನಂದೇ.”

“ಮತ್ತ ಆದೇಶಕ್ಕ ಸಹಿನೂ ನಿಮ್ದೇ ಇರ್ಲಿ. ನಾ ಸ್ಟೇಷನ್ನಿಗಿ ಹೊಂಟೀನಿ, ತಂಡನ ಕರಕೊಂಡ ಬರ್ತೀನಿ. ನಾ ಇಲ್ಲಿ ಇರ್ಲಿಲ್ಲ.” ಜವಾಬ್ದಾರಿಯಿಂದ ದೂರವಿರುವುದನ್ನು ಇಷ್ಟು ಜವಾಬ್ದಾರಿಯಿಂದ ಮಾಡುವವರು ಇಲಾಖೆಯಲ್ಲಿ ಹೆಚ್ಚು ಜನ ಇರಲಿಲ್ಲ.

ಹದಿನಾಲ್ಕು ಆಂಪಿಯರಿಗೆ ಇಳಿಸಿದರೆ ಒಂದು ಎ.ಸಿ. ನಡೆಯುತ್ತದೆ, ಬಾಣಂತಿ ಕೋಣೆಗೆ ಅಷ್ಟು ಸಾಕು. ಜಗದೇವಿಯ ಬೆರಳು ಹದಿನಾಲ್ಕನ್ನು ಒತ್ತಿಯೂ ಆಗಿತ್ತು. ಆದರೆ ಹದಿನಾಲ್ಕು ಎಂಬುದು ಆರೋಗ್ಯವಂತ ತಂತಿಯ ಲೆಕ್ಕ. ಒಮ್ಮೆ ಮೆತ್ತಗಾದ ಕವಚ ಮತ್ತೆ ಮೊದಲಿನಂತಾಗುವುದಿಲ್ಲ. ತಿರುವಿನಲ್ಲಿ, ಮೊಳೆಯ ಬಳಿ, ಒಳಗಿನ ತಾಮ್ರ ನಿಧಾನವಾಗಿ ಹೊರಗೆ ಸರಿಯುತ್ತದೆ. ಹದಿನಾಲ್ಕನ್ನು ಅಳಿಸಿ ನಾಲ್ಕು ಎಂದು ಬರೆದಳು. ಫ್ಯಾನು, ದೀಪ. ಅದರ ಮೇಲೆ ಏನೂ ಇಲ್ಲ. ಎರಡು ಸಾವಿರದ ನೂರ ನಲವತ್ತು ಮನೆಗೆ, ನಲವತ್ತೊಂಬತ್ತು ಡಿಗ್ರಿಯಲ್ಲಿ. ತನ್ನ ಮನೆಗೂ. ಸಹಿ ಹಾಕಿದಳು. ಸಮಯ ಒಂದು ಐವತ್ತೆರಡು.

ಪರದೆಯ ಮೇಲೆ ಕಾಲೊನಿಯ ಕರೆಂಟಿನ ಅಂಕಿಗಳು ದಬದಬ ಇಳಿದವು. ಆರನೇ ಗಲ್ಲಿಯಲ್ಲಿ ಮಾತ್ರ ಹನ್ನೊಂದು ಮನೆಗಳ ಜಾಗದಲ್ಲಿ ಅಂಕಿಯೇ ಇರಲಿಲ್ಲ; ಬರೀ ಗೆರೆ. ಅವಳು ಅದನ್ನು ದಿಟ್ಟಿಸುತ್ತಿರುವಾಗಲೇ ಫೋನು ಬಂತು.

“ಬಂದ್ ಮಾಡಿದಿ ಹೌದಿಲ್ಲೋ?” ಕಾಶೀಬಾಯಿ. “ಭೇಷ್. ನಾನೂ ಅಂಬಾರಾಯನ ಕರಸೀನಿ. ನಿನ್ನ ಡಬ್ಬಿ ಅತ್ತಿನ ತವರಿಗಿ ಕಳಸ್ತೀನಿ. ಏ ಅಂಬಾರಾಯ, ಬಿಚ್ಚೋ!”

“ಅತ್ತ್ಯಾರ, ಸ್ಪೀಕರ್ ಹಚ್ರಿ. ನಿಮ್ಮ ಕೂಡ ಜಗಳ ಆಮ್ಯಾಲ ಮಾಡ್ತೀನಿ. ಅಂಬಾರಾಯ! ಕೇಳಸ್ತದೇನು?”

“ಕೇಳಸ್ತದ್ರಿ ಅಕ್ಕೋರ. ನಮಸ್ಕಾರ್ರಿ.” ಅಕ್ರಮದ ನಡುವೆಯೂ ಅಂಬಾರಾಯ ವಿನಯ ಬಿಟ್ಟವನಲ್ಲ.

“ಡಬ್ಬಿ ಆಮ್ಯಾಲ ಬಿಚ್ಚು. ಮೊದ್ಲ ಮೇನ್ ತೆಗಿ. ಬಾಣಂತಿ ಕೋಣ್ಯಾಗ ಚಾವಣಿ ಲೈಟ್ ಇಳಿಸಿ, ಎ.ಸಿ. ತಂತಿ ಕೈಯಾಗ ಹಿಡದ್ ನೋಡು. ಎಷ್ಟ್ ವರ್ಷದಿಂದ ಈ ಕೆಲ್ಸ ಮಾಡ್ತಿ?”

“ಇಪ್ಪತ್ತೆರಡ್ರಿ.”

“ನಿನ್ನ ಕೈ ಏನ್ ಹೇಳ್ತದ, ಅದನ್ನ ಅತ್ತ್ಯಾರಿಗಿ ಹೇಳು. ನಾ ಸುಮ್ಮ ಇರ್ತೀನಿ.”

ಸ್ಟೂಲ್ ಎಳೆದ ಸದ್ದು. ಕೂಸಿನ ಅಳು. ಶಾಂಭವಿ “ಧೂಳ ಬೀಳ್ತದ, ಸಾವಕಾಶ” ಎಂದದ್ದು. ಜಗದೇವಿ ಕಂಟ್ರೋಲ್ ರೂಮಿನ ಈ ಗೋಡೆಯಿಂದ ಆ ಗೋಡೆಗೆ ನಾಲ್ಕು ಸಲ ನಡೆದಳು. ಕೊನೆಗೆ ಅಂಬಾರಾಯನ ದನಿ ಸಣ್ಣಗೆ ಬಂತು.

“ಕಾಶಕ್ಕ, ಇದು ತಂತಿ ಅಲ್ರಿ. ಬಿಸಿ ಶಾವಗಿ. ಪ್ಲಾಸ್ಟಿಕ್ ಕೈಗಿ ಕಿತ್ತ್ ಬರ್ಲಾಕತ್ಯಾದ. ಒಳಗಿನ ತಾಮ್ರ ಎರಡೂ ಕಾಣ್ತಾವ. ಒಂದಕ್ಕೊಂದು ತಾಗಿ ಬೆಂಕಿ ಹತ್ಲಾಕ ಇನ್ನ ಒಂದ್ ಬೆರಳ್ ಸಂದ್ ಉಳದಿತ್ತು ನೋಡ್ರಿ... ಸೀದಾ ತೊಟ್ಲದ ಮ್ಯಾಲ.”

ತೊಟ್ಟಿಲು ನೆಲಕ್ಕೆ ಉಜ್ಜುತ್ತ ಸರಿದ ಸದ್ದು ಕೇಳಿಸಿತು.

“ಅಂಬಾರಾಯ,” ಎಂದಳು ಜಗದೇವಿ, “ಇದೇ ಗಲ್ಲ್ಯಾಗ ಹನ್ನೊಂದ್ ಮನಿ ನನಗ ಕಾಣಸವಲ್ಲವು.”

“ಅವು...” ಅಂಬಾರಾಯ ಗಂಟಲು ಸರಿಮಾಡಿಕೊಂಡ. “ಅವ್ರ ಅತ್ತಿನ ಮುಂಜಾನೇನೇ ತವರಿಗಿ ಕಳ್ಸೀನ್ರಿ. ಚೀಲಕ್ಕ ನೀರ ಹೊಡ್ಯೋದು ಬ್ಯಾಸರ ಅಂದ್ರು.”

ಎಂದರೆ ಆ ಹನ್ನೊಂದು ಮನೆಗಳಿಗೆ ಅವಳ ನಾಲ್ಕು ಆಂಪಿಯರಿನ ಆಜ್ಞೆ ತಲುಪಿಯೇ ಇಲ್ಲ. ಅಲ್ಲಿ ಮೂರು ಮೂರು ಎ.ಸಿ. ಈಗಲೂ ನಡೆಯುತ್ತಿವೆ, ವಾರದಿಂದ ಬೆಂದ ತಂತಿಯ ಮೇಲೆ. ಇಡೀ ಲೈನನ್ನೇ ಬಂದ್ ಮಾಡೋಣವೆಂದರೆ ಅದರ ಮೇಲೆ ನೂರು ಹಾಸಿಗೆಯ ಆಸ್ಪತ್ರೆ ಇತ್ತು. ಗಲ್ಲಿಯ ಕಂಬದಲ್ಲಿ ಕಡಿತ ಮಾಡಲು ಲೈನ್‌ಮನ್ನರು ಬರಬೇಕು. ಅವರಿಗೆ ಬರಹೇಳಿದಳು, ಆದರೆ ಅವರು ಊರಿನ ಇನ್ನೊಂದು ಕೊನೆಯಲ್ಲಿದ್ದರು, ಮುಕ್ಕಾಲು ಗಂಟೆಯ ದಾರಿ. ಉಳಿದದ್ದು ಒಂದೇ: ಜನರನ್ನು ಹೊರಗೆ ತರಬೇಕು.

“ಬಾಗಲಾ ಬಡಿ, ಓಡು,” ಎಂದಳು. ಅಂಬಾರಾಯ ಓಡಿದ. ಐದು ನಿಮಿಷದಲ್ಲಿ ವಾಪಸು ಬಂದ. ಆ ಹೊತ್ತಿನಲ್ಲಿ ಕಲಬುರಗಿಯಲ್ಲಿ ಯಾರೂ ಬಾಗಿಲು ತೆಗೆಯುವುದಿಲ್ಲ. ತಂಪು ಸೋರದಂತೆ ಸಂದಿಗೆಲ್ಲ ಅರಿವೆ ತುರುಕಿ, ಗ್ರಿಲ್ಲಿಗೆ ಒಳಗಿನಿಂದ ಕೀಲಿ ಜಡಿದು, ಟಿ.ವಿ. ಹಚ್ಚಿ ಮಲಗಿರುತ್ತಾರೆ. ಒಬ್ಬರು ಮಾತ್ರ ಕಿಟಕಿಯ ಪರದೆ ಸರಿಸಿ, “ನಾಳಿ ಬಾ, ಈಗ ತಂಪದ” ಎಂದು ಮತ್ತೆ ಮುಚ್ಚಿದ್ದರು.

“ಫೋನ್ ಹಚ್ಚಿದ್ರ?” ಎಂದಳು ಜಗದೇವಿ.

“ಮಲಕ್ಕೊಂಡವ್ರು ಎತ್ತಂಗಿಲ್ಲ,” ಎಂದರು ಕಾಶೀಬಾಯಿ, ಈಗ ತೀರ ಬೇರೆ ದನಿಯಲ್ಲಿ. “ಬೆಂಕಿ ಅಂದ್ರ ಅಗ್ನಿಶಾಮಕದವ್ರಿಗಿ ಹೇಳು ಅಂತಾರ. ಈ ಮಂದಿ ಯಾತಕ್ಕ ಹೊರಗ ಬರ್ತದ, ನನಗ ಗೊತ್ತದ. ಶಾಂಭವಿ, ಏಳವ್ವ. ಕಿವಿಗಿ ಹತ್ತಿ ಅರಳಿ ಇಟ್ಕೊ, ತಲಿಗಿ ಕಟ್ಕೊ. ಖಮರವ್ವಾ! ಛತ್ರಿ ತಗೊಂಡ್ ಬಾ!”

“ಎಲ್ಲಿಗ್ರಿ ಕಾಶಕ್ಕ?”

“ನಿಮ್ಮ ಗುಮ್ಮಟಕ್ಕ.”

ಆರನೇ ಗಲ್ಲಿಯ ಕೊನೆಗೆ, ಮುನ್ನೂರು ಹೆಜ್ಜೆ ದೂರದಲ್ಲಿ, ಯಾರದೆಂದು ಯಾರಿಗೂ ಗೊತ್ತಿಲ್ಲದ ಹಳೆಯ ಗೋರಿಯ ಗುಮ್ಮಟವೊಂದಿತ್ತು. ಕಲ್ಲಿನ ಗೋಡೆ ಐದು ಅಡಿ ದಪ್ಪ. ಖಮರುನ್ನೀಸಾ ಬೇಸಗೆಯ ಮಧ್ಯಾಹ್ನಗಳನ್ನು ಅಲ್ಲೇ ಕಳೆಯುತ್ತಿದ್ದರು. ನಾಲ್ಕುನೂರು ವರ್ಷದಿಂದ ಕರೆಂಟಿಲ್ಲ, ಅದಕ್ಕೇ ತಂಪಾಗಿದೆ ಎಂಬುದು ಅವರ ಸಿದ್ಧಾಂತ. ಸ್ಲ್ಯಾಬಿನ ಮನೆಯವರು ಅದನ್ನು ಕೇಳಿ ನಗುತ್ತಿದ್ದರು.

ಎರಡೂ ಹದಿನೈದಕ್ಕೆ ಶಾಂಭವಿ ಹೊಸ್ತಿಲು ದಾಟಿದಳು. ತಲೆಗೆ ಬಿಗಿದ ಕೆಂಪು ಅರಿವೆ, ಎದೆಗವಚಿದ ಕೂಸಿನ ಮೇಲೆ ತೆಳ್ಳನೆಯ ಒದ್ದೆ ಪಂಚೆ, ಅದರ ಮೇಲೆ ಖಮರುನ್ನೀಸಾ ಹಿಡಿದ ಕರಿ ಛತ್ರಿ. ಮುಂದೆ ಕಾಶೀಬಾಯಿ. ಅವರು ಹನ್ನೊಂದು ಮನೆಗಳ ಬದಿಗೇ ನಡೆದರು, ಕಂಠ ಪೂರ್ತಿ ತೆರೆದು.

“ಒಂಬತ್ತನೇ ದಿನದ ಬಾಣಂತಿ ಹೊರಗ ಬಂದಾಳ! ನೋಡ್ರೆವ್ವಾ, ನಡು ಮಧ್ಯಾನ್ನದಾಗ ಬಾಣಂತಿ!”

ಬಾಗಿಲು ಬಡಿದಾಗ ಕಲ್ಲಾಗಿದ್ದ ಗಲ್ಲಿ ಕಣ್ಣು ಬಿಟ್ಟಿತು. ಪರದೆಗಳು ಸರಿದವು. ಮೊದಲ ಗ್ರಿಲ್ಲು ತೆರೆದದ್ದು ಶಂಕ್ರೆಮ್ಮನದು. ಊರಿನ ಯಾವ ಬಾಣಂತನವೂ ಅವರ ಅನುಮತಿ ಇಲ್ಲದೆ ಸುಸೂತ್ರವಾಗಿ ನಡೆದಿರಲಿಲ್ಲ.

“ಅಯ್ಯ ಕಾಶೀಬಾಯಿ, ತಲಿ ತಿರುಗ್ಯಾದೇನ್ ನಿಂದು? ಹಸಿಮೈ ಹೆಣ್ಣ ಅದು! ಬಿಸಲಾಗ ಮೆರವಣಿಗಿ ಮಾಡ್ತಿಯಲ್ಲ!”

“ಏನಂದಿ? ಅಲ್ಲಿಂದ ಕೇಳಸವಲ್ದು. ಹತ್ತರ ಬಂದ್ ಬೈ!”

ಶಂಕ್ರೆಮ್ಮ ಹತ್ತಿರ ಬಂದರು. ಸರಿಯಾಗಿ ಬೈಯಲು ಒಬ್ಬರು ಸಾಲದೆಂದು ಇಬ್ಬರು ಸೊಸೆಯರೂ ಬಂದರು. ಅವರು ಏಕೆ ಹೋದರೆಂದು ನೋಡಲು ಗಂಡಸರು ಬಂದರು. ಎದುರು ಮನೆಯವರು ಫೋನು ಎತ್ತಿ ವಿಡಿಯೊ ಹಿಡಿಯುತ್ತ ಬಂದರು. ಮಕ್ಕಳು ಚಪ್ಪಲಿ ಇಲ್ಲದೆ ಕುಣಿಯುತ್ತ ಬಂದವು, ರಸ್ತೆ ಅಷ್ಟು ಸುಡುತ್ತಿತ್ತು. “ಮನ್ಯಾಗ ಸೊಸಿ ಎಂಜಿನಿಯರ್ ಇದ್ದಾಳ, ಹೇಳವ್ರು ಕೇಳವ್ರು ಇಲ್ಲೇನು?” “ಶಾಸ್ತ್ರ ಅನ್ನೋದು ಅದನೋ ಇಲ್ಲೋ?” ಎಂದು ಹಿಂದಿನಿಂದ ಬೈಗಳು ಬರುತ್ತಲೇ ಇದ್ದವು. ಕಾಶೀಬಾಯಿ ನಡುನಡುವೆ ತಿರುಗಿ, “ನಿಮ್ಮ ಮಾವನ್ನ ಬಿಟ್ಟ್ ಬಂದಿ ನೋಡು. ಅವ್ರೂ ಎರಡ್ ಮಾತ ಅನ್ಲಿ, ಕರಕೊಂಡ್ ಬಾ,” ಎಂದು ಹೆಸರು ಹಿಡಿದು ಎಣಿಸುತ್ತಿದ್ದರು. ಹಾಸಿಗೆ ಹಿಡಿದಿದ್ದ ಒಬ್ಬ ಹಿರಿಯರನ್ನು ಕುರ್ಚಿಯ ಸಮೇತ ಹೊತ್ತು ತಂದರು, ಅವರಿಗೂ ಹೇಳುವುದಿತ್ತಂತೆ. ಬೈಗಳ ಮೆರವಣಿಗೆ ಹಾಗೆಯೇ ಗುಮ್ಮಟದ ತಂಪಿನೊಳಗೆ ಹೋಗಿ ನಿಂತಿತು.

ಅಂಬಾರಾಯ ಈ ಜನರ ವಿರುದ್ಧ ದಿಕ್ಕಿನಲ್ಲಿ ಓಡುತ್ತಿದ್ದ. ತೆರೆದ ಗ್ರಿಲ್ಲಿನೊಳಗೆ ನುಗ್ಗಿ ಮೇನ್ ಸ್ವಿಚ್ ಕೆಳಕ್ಕೆ ಎಳೆಯುವುದು, ಮುಂದಿನ ಮನೆಗೆ ಓಡುವುದು ಎಂಬುದು ಅವನ ಲೆಕ್ಕ. ಆದರೆ ಮುಂಜಾನೆ ಅವನೇ ಜೋಡಿಸಿದ ತಂತಿಗಳು ಸ್ವಿಚ್ಚನ್ನೂ ದಾಟಿ ಹೋಗಿದ್ದವು. ಅದು ಮೊದಲ ಮನೆಯಲ್ಲೇ ಅವನ ನೆನಪಿಗೆ ಬಂತು. ಪ್ರತಿ ಜೋಡಣೆಯನ್ನೂ ಇಕ್ಕಳದಿಂದ ಬಿಚ್ಚಬೇಕಿತ್ತು, ಕರೆಂಟು ಹರಿಯುತ್ತಿರುವಾಗಲೇ. ಜಗದೇವಿ ಫೋನಿನಲ್ಲಿ, “ಗಡಿಬಿಡಿ ಮಾಡಬ್ಯಾಡ. ರಬ್ಬರ್ ಚಪ್ಪಲಿ ಹಾಕ್ಕೊಂಡೀಯಿಲ್ಲೋ? ಒಂದ್ ಕೈ ಹಿಂದಿಟ್ಕೊ,” ಎನ್ನುತ್ತಿದ್ದಳು. ಪರದೆಯ ಮೇಲಿನ ಹನ್ನೊಂದು ಗೆರೆಗಳು ಏನನ್ನೂ ಹೇಳುತ್ತಿರಲಿಲ್ಲ. ಮೂರನೆಯ ಮನೆಗೆ ಅವನು ಕಾಲಿಡುವಷ್ಟರಲ್ಲಿ ಒಳಗಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು; ಫೋನಿನಲ್ಲಿ ಹೇಳಿದ. “ಹೊರಗ ಬಾ,” ಎಂದಳು ಜಗದೇವಿ. “ಅಕ್ಕೋರ, ಇನ್ನೊಂದ್...” “ಹೊರಗ ಬಾ ಅಂದ್ರ ಬಾ!”

ಅಂದು ಮಧ್ಯಾಹ್ನ ಎರಡೂ ನಲವತ್ತರಿಂದ ಮೂರೂವರೆಯ ನಡುವೆ ಆರನೇ ಗಲ್ಲಿಯ ಒಂಬತ್ತು ಮನೆಗಳು ಸುಟ್ಟವು. ಒಳಗೆ ಯಾರೂ ಇರಲಿಲ್ಲ.